ಎಣಿಕೆಗೆ ಸಿಕ್ಕ ಕಣ

ಅನ್ನ ಬೆಂದಿತೇ ಎಂದು ತಿಳಿಯಲು ಗೃಹಿಣಿಯು ಒಂದು ಅಗುಳನ್ನು ಹಿಸುಕಿ ನೋಡುತ್ತಾಳೆ. ಪಾತ್ರೆಯನ್ನೆಲ್ಲ ಬರಿದು ಮಾಡುವುದಿಲ್ಲ. 1908ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಅರ್ನೆಸ್ಟ್ ರುದರ್‌ಫರ್ಡ್ ಮತ್ತು ಹಾನ್ಸ್ ಗೈಗರ್ ನಡೆಸಿದ ಪ್ರಯೋಗದ ಜಾಣ್ಮೆಯೂ ಇಂಥದೇ. ಪರಮಾಣುಗಳು ನಿಜವಾಗಿಯೂ ಇವೆಯೇ ಎಂದು ಶಂಕಿಸುವ ಪಂಡಿತರು ಆ ಕಾಲದಲ್ಲಿ ಇನ್ನೂ ಇದ್ದರು. ಕಣ್ಣಿಗೆ ಕಾಣದ ಕಣಗಳನ್ನು ಒಂದೊಂದಾಗಿ ಎಣಿಸಿ ತೋರಿಸಬೇಕೆಂಬುದು ಇವರ ಹಂಬಲ. ಆದರೆ ರೇಡಿಯಂ ಹೊರಸೂಸುವ ಆಲ್ಫಾ ಕಣಗಳು ಕೋಟಿಗಟ್ಟಲೆ, ಎಣಿಸುವುದೆಂತು?

ಅವರು ದೂರವನ್ನೇ ನೆರವಿಗೆ ಕರೆದರು. ಕಣಗಳು ಮೂಲದಿಂದ ಎಲ್ಲ ದಿಕ್ಕುಗಳಿಗೂ ಸಮನಾಗಿ ಚಿಮ್ಮುತ್ತವೆ. ಮೂಲವನ್ನು ಕೇಂದ್ರವಾಗಿ ಉಳ್ಳ, 2 ಮೀಟರ್ ತ್ರಿಜ್ಯದ ಗೋಳವೊಂದನ್ನು ಕಲ್ಪಿಸಿಕೊಳ್ಳಿ. ಅದರ ಮೇಲ್ಮೈ ಸುಮಾರು 5 ಕೋಟಿ ಚದರ ಮಿಲಿಮೀಟರ್. ಅಲ್ಲಿ 1 ಚದರ ಮಿಲಿಮೀಟರಿನ ಕಿಂಡಿಯನ್ನಿಟ್ಟರೆ, 5 ಕೋಟಿ ಕಣಗಳಲ್ಲಿ ಸರಾಸರಿ ಒಂದು ಮಾತ್ರ ಒಳಹೊಗುತ್ತದೆ. ದೂರವನ್ನು ಇಮ್ಮಡಿಸಿದರೆ ಆ ಪಾಲೂ ಕಾಲುಭಾಗಕ್ಕೆ ಇಳಿಯುತ್ತದೆ!

ಆಲ್ಫಾ ಕಣಗಳು ಗಾಳಿಯಲ್ಲಿ ಕೆಲವೇ ಸೆಂಟಿಮೀಟರ್ ಸಾಗಿ ನಿಂತುಬಿಡುತ್ತವೆ. ಆದುದರಿಂದ ನೀಳವಾದ ಗಾಜಿನ ಕೊಳವೆಯೊಳಗಿನ ಗಾಳಿಯನ್ನು ಹೊರತೆಗೆದು, ತುದಿಯ ಪುಟ್ಟ ಕಿಂಡಿಗೆ ತೆಳುವಾದ ಅಭ್ರಕವನ್ನು ಹಚ್ಚಿದರು. ಕಣವೊಂದು ಶೋಧಕದೊಳಕ್ಕೆ ನುಗ್ಗಿದಾಗಲೆಲ್ಲ ವಿದ್ಯುನ್ಮಾಪಕದ ಸೂಜಿ ಥಟ್ಟನೆ ಅಲುಗುತ್ತಿತ್ತು. ನಿಮಿಷಕ್ಕೆ ಬೆರಳೆಣಿಕೆಯಷ್ಟೇ ಅಲುಗಾಟ. ಅದೂ ಗಡಿಯಾರದ ಬಡಿತದಂತೆ ಕ್ರಮವಾಗಿ ಅಲ್ಲ; ಒಮ್ಮೆ ಬೆನ್ನುಬೆನ್ನಿಗೆ, ಒಮ್ಮೆ ಬಹುಹೊತ್ತು ಮೌನ. ಹೀಗಾಗಿ ಸರಾಸರಿ ಸಿಗಬೇಕಾದರೆ ಬಹಳ ಹೊತ್ತು ಕಾದು ಎಣಿಸಲೇಬೇಕು. ಗೈಗರನ ತಾಳ್ಮೆ ಸಾಮಾನ್ಯವಾದುದಲ್ಲ.

ಆ ಎಣಿಕೆಯಿಂದ ಹಿಂದಕ್ಕೆ ಗುಣಿಸುತ್ತ ಹೋದಾಗ, 1 ಗ್ರಾಂ ರೇಡಿಯಂ ಸೆಕೆಂಡಿಗೆ ಸುಮಾರು 3,400 ಕೋಟಿ ಆಲ್ಫಾ ಕಣಗಳನ್ನು ಹೊಮ್ಮಿಸುತ್ತದೆಂಬ ಉತ್ತರ ದೊರೆಯಿತು. ಇಂದಿನ ಸೂಕ್ಷ್ಮ ಉಪಕರಣಗಳು ಹೇಳುವ ಸಂಖ್ಯೆ ಸುಮಾರು 3,660 ಕೋಟಿ.