ವೆಸ್ಟ್ ಎಂಡ್‌ನಲ್ಲಿ ಎರಡು ದಿನ

ಕಳೆದ ಜ್ಯೇಷ್ಠ ಮಾಸದಲ್ಲಿ ನಾವು ಮುಳಬಾಗಿಲಿನಿಂದ ಕುಟುಂಬಸಮೇತರಾಗಿ ಹೊರಟು ಬೆಂಗಳೂರಿನ ವೆಸ್ಟ್ ಎಂಡ್ ಹೋಟೆಲಿನಲ್ಲಿ ಎರಡು ದಿನ ತಂಗುವ ಪ್ರಸಂಗ ಒದಗಿತು. ನಮ್ಮ ಶಕ್ತಿಗೆ ನಿಲುಕುವ ಸ್ಥಳವಲ್ಲ. ಕಂಪನಿಯ ಕೆಲಸದ ಮೇಲೆ ಊರೂರು ತಿರುಗುವ ಚಿರಂಜೀವಿಗೆ ಆ ಹೋಟೆಲ್ ಸಮೂಹದ ಸದಸ್ಯತ್ವವಿದೆ; ತಂಗಿದಷ್ಟೂ ಪಾಯಿಂಟುಗಳು ಕೂಡುತ್ತವೆ. ಅವುಗಳಿಂದಲೇ ಕೋಣೆಯೂ ಬೆಳಗಿನ ಉಪಾಹಾರವೂ ದೊರೆತವು.

1887ರಲ್ಲಿ ಬ್ರಾನ್ಸನ್ ಎಂಬ ಆಂಗ್ಲ ಮಹಿಳೆ ಹತ್ತು ಕೋಣೆಗಳ ವಸತಿಗೃಹವಾಗಿ ಆರಂಭಿಸಿದ ಈ ಹೋಟೆಲು ಇಂದು ರೇಸ್‌ಕೋರ್ಸ್ ರಸ್ತೆಯಲ್ಲಿ ಸುಮಾರು 20 ಎಕರೆ ಹಸಿರಿನ ನಡುವೆ ಇದೆ. ಅಲ್ಲಿನ ಹಳೆಯ ಮಳೆಮರವನ್ನು ನೋಡುವುದಕ್ಕಾದರೂ ಹೋಗಬೇಕು.

ನಮ್ಮ ಮಾತೃಶ್ರೀಯವರಿಗೆ ಇಷ್ಟಲಿಂಗ ಪೂಜೆಯಾಗದೆ ಹನಿ ನೀರೂ ಇಳಿಯದು. ಕೋಣೆಯಲ್ಲೋ ಹೊಗೆ ಕಂಡರೆ ಗಂಟೆ ಬಾರಿಸುವ ಯಂತ್ರ, ಧೂಪ ಹಚ್ಚುವಂತಿಲ್ಲ. ವಿಭೂತಿ, ಬಿಲ್ವಪತ್ರೆಗಳಿಂದಲೇ ಪೂಜೆ ಪೂರೈಸಿದರು. ಆದರೆ ಉಪಾಹಾರದ ಸಾಲಿನಲ್ಲಿ ಮಾಂಸದ ಪಾತ್ರೆಗಳನ್ನು ಕಂಡೊಡನೆ ಹಿಂತಿರುಗಿಬಿಟ್ಟರು. “ಇಷ್ಟೆಲ್ಲ ನಿಮಗಾಗಿಯೇ ಅಲ್ಲವೇ ಅಜ್ಜಿ” ಎಂದ ಮೊಮ್ಮಗನ ಕಣ್ಣು ತೇವವಾಗಿತ್ತು.

ಊರಿನಿಂದ ತಂದಿದ್ದ ರಾಗಿ ಹುರಿಹಿಟ್ಟಿಗೆ ಹಾಲು ಬೇಕೆಂದಾಗ, ಬಡಿಸುವ ಹುಡುಗನು “ನಮ್ಮದು ಮಾಲೂರು ಕಡೆ ಅಜ್ಜಿ” ಎನ್ನುತ್ತ ಹಾಲಿನೊಡನೆ ಕೇಳದಿದ್ದ ಬೆಲ್ಲವನ್ನೂ ತಂದಿಟ್ಟನು. ಶ್ರೀನಿವಾಸಪುರದ ಎರಡು ಮಾವಿನ ಹಣ್ಣುಗಳು ಅವನ ಕೈ ಸೇರಿದವು.

ಹಿಂತಿರುಗುವಾಗ ಕೋಲಾರ ದಾಟಿದ ಮೇಲೆ ಮಾತೃಶ್ರೀಯವರು ಕೇಳಿದರು: “ನಿನ್ನ ಪಾಯಿಂಟು ಉಳಿದಿದ್ದರೆ, ಆ ಹುಡುಗನ ತಾಯಿಗೆ ಒಂದು ದಿನ ಆ ಕೋಣೆ ಕೊಡಿಸಲು ಬರುತ್ತದೆಯೇನಪ್ಪ?” ಚಿರಂಜೀವಿಯು ಫೋನು ತೆಗೆದು ನಿಯಮಗಳನ್ನು ಓದತೊಡಗಿದನು.