ತೀರ್ಥ ಚಿಮುಕಿಸುವ ಮುನ್ನ

ಪಾಸ್ಖಹಬ್ಬ ಮುಗಿದ ಮೇಲೆ ಮನೆಮನೆಗೆ ಹೋಗಿ ಆಶೀರ್ವದಿಸುವುದು ನಮ್ಮ ಗುರುಗಳ ವಾಡಿಕೆ. ಹಾಗೆ ಹೋದಲ್ಲೆಲ್ಲ ಈಗೀಗ ಹೊಸ ಬೇಡಿಕೆಯೊಂದು ಬರುತ್ತದೆ. ದೇವರ ಪೀಠ, ಅಡಿಗೆಮನೆ, ಮಕ್ಕಳ ಪುಸ್ತಕ ಎಲ್ಲ ಆದ ಮೇಲೆ ಮನೆಯೊಡತಿ, “ಫಾದರ್, ಇದಕ್ಕೂ ಎರಡು ಹನಿ ತೀರ್ಥ ಹಾಕಿಬಿಡಿ” ಎನ್ನುತ್ತಾರೆ. ನೋಡಿದರೆ ಕಂತಿನಲ್ಲಿ ಕೊಂಡ ಫ್ರಿಜ್ಜೋ ವಾಷಿಂಗ್ ಮೆಷಿನ್ನೋ ಇರುತ್ತದೆ. ಮೇಲಿನ ಪ್ಲಾಸ್ಟಿಕ್ ಹಾಳೆ ಕೂಡ ಬಿಚ್ಚಿರುವುದಿಲ್ಲ. ನಾವೂ ಸಂತೋಷದಿಂದಲೇ ಚಿಮುಕಿಸುತ್ತಿದ್ದೆವು.

ರಾಯದುರ್ಗದ ಒಂದು ಮನೆಯಲ್ಲಿ ನಡೆದದ್ದನ್ನು ಹೇಳಬೇಕು. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದಾಗ ಈ ತಾಲ್ಲೂಕು ಆಂಧ್ರಕ್ಕೆ ಸೇರಿತು. ಆದರೂ ಅಲ್ಲಿ ಕನ್ನಡ ಇಂದಿಗೂ ಕಿವಿಗೆ ಬೀಳುತ್ತದೆ. ಊರಿನ ಬಹಳ ಮನೆಗಳಿಗೆ ಅನ್ನ ಕೊಡುವುದು ಜೀನ್ಸ್ ಪ್ಯಾಂಟಿನ ಹೊಲಿಗೆ. ಆ ಮನೆಯ ಪಡಸಾಲೆಯಲ್ಲೂ ಮೋಟಾರಿನ ಹೊಲಿಗೆ ಮೆಷಿನ್ ಎರಡಿದ್ದವು. ಬಚ್ಚಲ ಪಕ್ಕದಲ್ಲಿ ಹೊಸ ವಾಷಿಂಗ್ ಮೆಷಿನ್. ಎಂದಿನಂತೆ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟಿದ್ದೆವು. ಒದ್ದೆ ನೆಲದ ಮೇಲೆ ನಿಂತು, ಪ್ರಾರ್ಥನೆ ಹೇಳುತ್ತ ಎಡಗೈಯನ್ನು ಅದರ ಮೇಲಿಟ್ಟೆವು. ಮೊಣಕೈವರೆಗೂ ಜುಮ್ಮೆಂದಿತು.

“ಏನಿಲ್ಲ ಸ್ವಾಮಿ, ಹೊಸದಲ್ವಾ, ಸ್ವಲ್ಪ ಹಂಗೇ ಜುಮ್ ಅಂತದೆ. ನಾವು ಚಪ್ಲಿ ಹಾಕ್ಕೊಂಡು ಮುಟ್ತೀವಿ” ಎಂದರು ಅಜ್ಜಿ.

ಐದು ವರ್ಷದ ಮೊಮ್ಮಗಳು ಪಕ್ಕದಲ್ಲೇ ಬರಿಗಾಲಲ್ಲಿ ನೀರಾಡುತ್ತಿದ್ದಳು. ಪ್ರಾರ್ಥನೆ ಅಲ್ಲಿಗೇ ನಿಂತಿತು. ಸ್ವಿಚ್ ಆರಿಸಿ ಪ್ಲಗ್ ಕೀಳಿಸಿದೆವು. ನಮ್ಮ ಜೊತೆ ಬಂದಿದ್ದ ಯುವಕರಲ್ಲಿ ಒಬ್ಬ ವೈರಿಂಗ್ ಕೆಲಸದವನು. ಮೇನ್ ಆರಿಸಿ ಬೋರ್ಡು ಬಿಚ್ಚಿ ನೋಡಿದ. ಸಾಕೆಟ್ಟಿನಲ್ಲಿ ಮೂರು ತೂತುಗಳಿದ್ದವು. ಮೇಲಿನ ದೊಡ್ಡ ತೂತಿಗೆ ವೈರೇ ಇರಲಿಲ್ಲ.

“ಅರ್ಥ್ ಇಲ್ಲ ಫಾದರ್” ಎಂದ.

“ಅರ್ಥ ಇಲ್ಲ ಅಂದ್ರೆ ಏನಪ್ಪಾ?” ಎಂದು ಅಜ್ಜಿ ಕೇಳಿದಾಗ ಎಲ್ಲರೂ ನಕ್ಕರು. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ಮೆಷಿನ್ನಿನ ಒಳಗೆ ತೇವದಿಂದಲೋ ವೈರಿನ ಮೇಲ್ಪದರ ಸವೆದೋ ಕರೆಂಟು ಲೋಹದ ಮೈಗೆ ಸೋರಬಹುದು. ಅರ್ಥ್ ವೈರ್ ಇದ್ದರೆ ಅದು ಆ ದಾರಿಯಲ್ಲಿ ನೆಲಕ್ಕಿಳಿಯುತ್ತದೆ. ಸೋರಿಕೆ ಜೋರಾದರೆ ಫ್ಯೂಸ್ ಹೋಗುತ್ತದೆ. ಇಲ್ಲದಿದ್ದರೆ ಮುಟ್ಟಿದವರ ಮೈಯೇ ಅದಕ್ಕೆ ದಾರಿ. ಪ್ಲಗ್ಗಿನ ಮೂರನೆಯ ಕಡ್ಡಿ ಉದ್ದ ಇರುವುದೂ ಇದಕ್ಕೇ. ಎಲ್ಲಕ್ಕಿಂತ ಮೊದಲು ಅದು ತಗಲಬೇಕು, ಎಲ್ಲಕ್ಕಿಂತ ಕೊನೆಗೆ ಬಿಡಬೇಕು. ಅದನ್ನು ಮುರಿದು ಎರಡು ತೂತಿನ ಸಾಕೆಟ್ಟಿಗೆ ತುರುಕುವವರನ್ನು ನಾವು ಬಹಳ ಕಡೆ ಕಂಡಿದ್ದೇವೆ.

ಮನೆಯ ಯಜಮಾನರಿಗೆ ಬೇಸರವಾಯಿತು. “ಅಂಗಡಿ ಹುಡುಗರೇ ಹಚ್ಚಿ ಹೋದ್ರು ಫಾದರ್. ಕಂತೇ ಇನ್ನೂ ಹತ್ತು ತಿಂಗಳಿದೆ, ಈಗ ಇದಕ್ಕೆ ಬೇರೆ ಖರ್ಚಾ?” ಎಂದರು. ನಲ್ಲಿ ಪೈಪಿಗೆ ಒಂದು ತಂತಿ ಸುತ್ತಿದರೆ ಸಾಲದೇ ಎಂಬುದು ಅವರ ವಾದ. ಕಬ್ಬಿಣದ ಪೈಪಿನ ಕಾಲದಲ್ಲಿ ಹಾಗೆ ಮಾಡುತ್ತಿದ್ದರು. ಈಗ ಪೈಪೆಲ್ಲ ಪ್ಲಾಸ್ಟಿಕ್, ಅದರಲ್ಲಿ ಕರೆಂಟು ಇಳಿಯುವುದಿಲ್ಲ. ಇನ್ನು ಕೆಲವರು ಸಾಕೆಟ್ಟಿನೊಳಗೇ ನ್ಯೂಟ್ರಲ್ಲಿಗೂ ಅರ್ಥಿಗೂ ತಂತಿ ಜೋಡಿಸಿ ಕೈತೊಳೆದುಕೊಳ್ಳುತ್ತಾರೆ. ಇದು ಇನ್ನೂ ಅಪಾಯ. ನ್ಯೂಟ್ರಲ್ ಎಲ್ಲಾದರೂ ಕಡಿದರೆ 230 ವೋಲ್ಟೂ ಮೆಷಿನ್ನಿನ ಮೈಮೇಲೆ ಬಂದು ಕೂರುತ್ತದೆ.

ಹುಡುಗ ಬೋರ್ಡನ್ನು ಪೂರ್ತಿ ನೋಡಿದ. ಫ್ಯೂಸಿನಲ್ಲಿ ಮೊಳೆಯಷ್ಟು ದಪ್ಪ ತಂತಿ. ಹೊಲಿಗೆ ಮೆಷಿನ್ನುಗಳೂ ವಾಷಿಂಗ್ ಮೆಷಿನ್ನೂ ತೆಳುವಾದ ಒಂದೇ ವೈರಿನ ಮೇಲೆ. ಮುಂದಿನ ದೀಪಾವಳಿಗೆ ಗೀಸರ್ ತರುವ ಯೋಚನೆಯೂ ಇತ್ತಂತೆ! 2000 ವ್ಯಾಟಿನ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ, ಸಣ್ಣ ಸಾಕೆಟ್ ತಾಳುವುದು 6. ಅಂಥದ್ದಕ್ಕೆ 16 ಆಂಪಿಯರಿನ ಸಾಕೆಟ್ಟೂ ಬೋರ್ಡಿನಿಂದ ನೇರವಾಗಿ ಬರುವ ದಪ್ಪ ತಾಮ್ರದ ವೈರೂ ಬೇಕು. ಕನಿಷ್ಠ ಎರಡೂವರೆ ಚದರ ಮಿಲಿಮೀಟರಿನದು. ಎಂಸಿಬಿ ಹಾಕಿಸಿದ್ದೇವಲ್ಲ ಎಂದು ಹಲವರು ನಿಶ್ಚಿಂತರಾಗಿರುತ್ತಾರೆ. ಅದು ಕಾಯುವುದು ಮುಖ್ಯವಾಗಿ ವೈರನ್ನು. ಮನುಷ್ಯನನ್ನು ಕಾಯಲೆಂದೇ ಇರುವುದು ಆರ್‌ಸಿಸಿಬಿ. 30 ಮಿಲಿಆಂಪಿಯರ್ ಸೋರಿದರೂ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಕಡಿದುಹಾಕುತ್ತದೆ. ಹಾಗೆಂದು ಅದಿದ್ದರೆ ಅರ್ಥ್ ಬೇಡವೆಂದಲ್ಲ.

ದೇವರಿದ್ದಾನೆ, ಏನೂ ಆಗುವುದಿಲ್ಲ ಎನ್ನುವವರೂ ಇದ್ದಾರೆ. ದೇವಾಲಯದ ಶಿಖರದಿಂದ ಧುಮುಕಲು ಯೇಸುಸ್ವಾಮಿಯೇ ಒಪ್ಪಲಿಲ್ಲ. ಪ್ರಾರ್ಥನೆಯ ಜೀವನದ ಬಗ್ಗೆ ಎಷ್ಟೋ ಪುಸ್ತಕ ಬರೆದ ಟ್ರಾಪಿಸ್ಟ್ ಸನ್ಯಾಸಿ ಥಾಮಸ್ ಮೆರ್ಟನ್ 1968ರಲ್ಲಿ ನಮ್ಮ ದೇಶಕ್ಕೂ ಬಂದಿದ್ದರು. ಅದೇ ಡಿಸೆಂಬರ್ 10ರಂದು ಬ್ಯಾಂಕಾಕಿನ ಬಳಿ ಸನ್ಯಾಸಿಗಳ ಸಮ್ಮೇಳನದಲ್ಲಿ ಬೆಳಿಗ್ಗೆ ಉಪನ್ಯಾಸ ಕೊಟ್ಟು ಕೋಣೆಗೆ ಹೋದವರು ಶವವಾಗಿ ಸಿಕ್ಕರು. ನೆಲದ ಮೇಲೆ ನಿಲ್ಲಿಸುವ ಫ್ಯಾನು ಮೈಮೇಲೆ ಬಿದ್ದಿತ್ತು, ಅದರ ವೈರು ಕೆಟ್ಟಿತ್ತು. ಆಗ ಅವರಿಗೆ 53 ವರ್ಷ. ಸೆಮಿನರಿಯಲ್ಲಿ ಅವರ ಪುಸ್ತಕಗಳನ್ನು ಓದಿದ್ದೆವು. ಅವರ ಸಾವಿನಿಂದ ಕಲಿಯುವುದೂ ಇದೆಯೆಂದು ಹೊಳೆದಿರಲಿಲ್ಲ.

ಇನ್ನು ನಮ್ಮದೂ ಒಂದು ಪಾಪನಿವೇದನೆ. ಆ ಮನೆಯವರಿಗೆ ಇಷ್ಟೆಲ್ಲ ಬೋಧಿಸಿ ಗುರುನಿವಾಸಕ್ಕೆ ಮರಳಿದ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅದೇ ಹುಡುಗನನ್ನು ಕರೆಸಿ ನಮ್ಮ ಬಚ್ಚಲಿನ ಗೀಸರ್ ತೋರಿಸಿದೆವು. ಅಲ್ಲೂ ಮೂರನೆಯ ತೂತು ಖಾಲಿ! ನಾಲ್ಕು ವರ್ಷ ಅದರಲ್ಲೇ ಸ್ನಾನ ಮಾಡಿದ್ದೆವು, ಅತಿಥಿ ಗುರುಗಳಿಗೂ ಮಾಡಿಸಿದ್ದೆವು. ಹುಡುಗ ಏನೂ ಹೇಳಲಿಲ್ಲ, ಮೆಲ್ಲಗೆ ನಕ್ಕ.

ರಾಯದುರ್ಗದ ಆ ಮನೆಯ ಹಿತ್ತಲಲ್ಲಿ ಯಜಮಾನರೇ ಗುಂಡಿ ತೋಡಿದರು. ಎರಡೂವರೆ ಮೀಟರಿನ ಪೈಪು ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿ, ಅಲ್ಲಿಂದ ಬೋರ್ಡಿಗೆ ಅರ್ಥ್ ವೈರ್ ಎಳೆದದ್ದಾಯಿತು. ಹುಡುಗ ಕೂಲಿ ಮುಟ್ಟಲಿಲ್ಲ. ಆದರೆ ಒಣಗಿದ ಮಣ್ಣು ಕರೆಂಟನ್ನು ಸರಿಯಾಗಿ ಎಳೆದುಕೊಳ್ಳುವುದಿಲ್ಲ, ಗುಂಡಿಗೆ ಆಗಾಗ ನೀರು ಹಾಕುತ್ತಿರಬೇಕು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಕಾಣುವ ಸೀಮೆ ಅದು. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಬಿಂದಿಗೆ ಸಾಲು ನಿಲ್ಲುತ್ತದೆ. ಮುಂದಿನ ಸಲ ಹೋದಾಗ ಅಜ್ಜಿ ಅಕ್ಕಿ ತೊಳೆದ ನೀರಿನ ಪಾತ್ರೆ ಹಿಡಿದು ಹಿತ್ತಲಿಗೆ ಹೊರಟಿದ್ದರು. “ಮೊದ್ಲು ಎಮ್ಮೆಗೆ ಹಾಕ್ತಿದ್ದೆ ಸ್ವಾಮಿ, ಈಗ ನಿಮ್ಮ ಅರ್ಥಕ್ಕೆ” ಎಂದರು.