ಸೀಮೆಸುಣ್ಣದ ಗುಡ್ಡದ ಕೆಳಗಿನ ಹಾಡುಗಾರ

ಇಪ್ಪತ್ತೆಂಟು ವರ್ಷ ಸೀಮೆಸುಣ್ಣ ಹಿಡಿದು ಪಾಠ ಹೇಳಿದವನ ಮುಂದೆ ಇಡೀ ಗುಡ್ಡವೇ ಸೀಮೆಸುಣ್ಣದ್ದಾಗಿ ಬಂದು ನಿಂತರೆ ಹೇಗಾಗಬೇಡ? ಕಳೆದ ಬೇಸಿಗೆ ರಜೆಯಲ್ಲಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಪೋರ್ಟ್ಸ್‌ಮತ್ ನಗರಕ್ಕೆ ಹೋದಾಗ ನನಗಾದದ್ದು ಅದೇ. ಊರಿನ ಬೆನ್ನಿಗೆ ಉದ್ದಕ್ಕೆ ಮಲಗಿದ ಪೋರ್ಟ್ಸ್‌ಡೌನ್ ಗುಡ್ಡದಲ್ಲಿ ಹುಲ್ಲು ಸವೆದ ಕಡೆಯೆಲ್ಲ ಬಿಳುಪೋ ಬಿಳುಪು. ಬಗ್ಗಿ ಒಂದು ಚೂರು ಎತ್ತಿಕೊಂಡು ಉಜ್ಜಿದೆ. ಕರಿಹಲಗೆಯ ಮುಂದೆ ನಿಂತ ಹಾಗೆ ಬೆರಳು ಬೆಳ್ಳಗಾಯಿತು. ನಾವು ತರಗತಿಯಲ್ಲಿ ಬಳಸುವುದು ಹೆಚ್ಚಾಗಿ ಜಿಪ್ಸಮ್ಮಿನಿಂದ ಮಾಡಿದ್ದು. ಇದಾದರೋ ಅಸಲು ಸರಕು. ಸುಮಾರು ಎಂಟು ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಕಣ್ಣಿಗೆ ಕಾಣದ ಪಾಚಿಗಳ ಚಿಪ್ಪು ಪದರ ಪದರವಾಗಿ ಕೂತು ಆದ ಗುಡ್ಡ.

"ಕಲ್ಲು ನೋಡಿದ್ದು ಸಾಕು ಅಪ್ಪ, ಕೆಳಗೆ ನೋಡಿ" ಎಂದ ಮಗ.

ಕೆಳಗೆ ನಗರವೆಲ್ಲ ಭೂಪಟ ಬಿಡಿಸಿಟ್ಟಂತೆ ಕಾಣುತ್ತಿತ್ತು. ಪೋರ್ಟ್ಸ್‌ಮತ್ತಿನ ಬಹುಭಾಗ ಪೋರ್ಟ್ಸೀ ಎಂಬ ದ್ವೀಪದ ಮೇಲಿದೆ. ಒಂದು ಪಕ್ಕಕ್ಕೆ ನೌಕಾನೆಲೆ, ಅದರ ಹತ್ತಿರ ಹಾಯಿಯ ಆಕಾರದ 170 ಮೀಟರ್ ಎತ್ತರದ ಸ್ಪಿನ್ನೇಕರ್ ಗೋಪುರ, ಅದರಾಚೆ ಕಡಲು, ಕಡಲಾಚೆ ಮಸುಕಾಗಿ ವೈಟ್ ದ್ವೀಪ. ನಮ್ಮ ಕಾಲ ಬುಡದಲ್ಲೇ ಸಾಲು ಸಾಲು ಮನೆಗಳ ಒಂದು ಬಡಾವಣೆ. "ಅದು ಪಾಲ್ಸ್‌ಗ್ರೋವ್. ಯುದ್ಧ ಮುಗಿದ ಮೇಲೆ ನಗರಸಭೆ ಕಟ್ಟಿಸಿದ ಮನೆಗಳು. ಜೋ ಜಾಕ್ಸನ್ ಬೆಳೆದದ್ದು ಅಲ್ಲೇ" ಎಂದ.

"ಮೈಕೆಲ್ ಜಾಕ್ಸನ್ನನ ಅಪ್ಪನೇ?" ಎಂದು ಕೇಳಿದೆ. ಆ ಮಹಾಶಯನ ಹೆಸರೂ ಜೋ ಜಾಕ್ಸನ್ ಎಂದು ಎಲ್ಲೋ ಓದಿದ ನೆನಪು. ಮಗ ನಕ್ಕುಬಿಟ್ಟ. ಅವನು ನನ್ನೆದುರು ಹಾಗೆ ನಕ್ಕು ಎರಡು ವರ್ಷವಾಗಿತ್ತು.

ಆ ಎರಡು ವರ್ಷದ ಕತೆಯನ್ನು ಓದುಗರಿಗೆ ಹೇಳಿಬಿಡುತ್ತೇನೆ. ಮಗ ಎಂಜಿನಿಯರಿಂಗ್ ಮುಗಿಸಿದ, ಬೆಂಗಳೂರಿನಲ್ಲಿ ಕೆಲಸ ಹಿಡಿದ. ಎರಡೇ ವರ್ಷಕ್ಕೆ ಅದನ್ನು ಬಿಟ್ಟು, ಧ್ವನಿ ಮತ್ತು ಧ್ವನಿಮುದ್ರಣದ ವಿಷಯ ಓದುತ್ತೇನೆಂದು ಹಟ ಹಿಡಿದ. ಅದಕ್ಕೆ ಮುಂಚೆ ಮೃದಂಗ ಕಲಿತು ಬಿಟ್ಟಿದ್ದ, ಗಿಟಾರ್ ಹಿಡಿದು ಬಿಟ್ಟಿದ್ದ. "ಹತ್ತು ಕಡೆ ಹತ್ತು ಅಡಿ ತೋಡಿದರೆ ನೀರು ಬರೋಲ್ಲ ಕಣೋ, ಒಂದೇ ಕಡೆ ನೂರು ಅಡಿ ತೋಡು" ಎಂದು ಹೇಳಿದೆ. ಒಮ್ಮೆಯಲ್ಲ, ಬಹುಶಃ ನೂರು ಬಾರಿ. ಕೊನೆಗೆ ಪಿ.ಎಫ್. ಮೇಲೆ ಸಾಲ ತೆಗೆದು ಕಳಿಸಿದೆನಾದರೂ ಮನಸ್ಸು ಕಳಿಸಿರಲಿಲ್ಲ. ಫೋನಿನಲ್ಲಿ ನಮ್ಮ ಮಾತು "ಊಟ ಆಯ್ತಾ, ಚಳಿ ಇದೆಯಾ" ಎಂಬಲ್ಲಿಗೆ ನಿಂತುಹೋಗಿತ್ತು. "ಹೋಗಿ ನೋಡಿಕೊಂಡಾದರೂ ಬನ್ನಿ" ಎಂದು ನನ್ನಾಕೆಯೇ ನನ್ನನ್ನು ವಿಮಾನ ಹತ್ತಿಸಿದ್ದು.

ಗುಡ್ಡ ಇಳಿಯುತ್ತಾ ಮಗ ಹೇಳಿದ ಕತೆ ಇದು.

ಜೋ ಜಾಕ್ಸನ್ನನ ನಿಜನಾಮ ಡೇವಿಡ್ ಇಯಾನ್ ಜಾಕ್ಸನ್. 1954ರಲ್ಲಿ ಬರ್ಟನ್ ಎಂಬ ಊರಿನಲ್ಲಿ ಹುಟ್ಟಿದ. ಕೂಸಾಗಿದ್ದಾಗಲೇ ಮನೆಯವರು ಪೋರ್ಟ್ಸ್‌ಮತ್ತಿಗೆ ಬಂದರು. ಹುಡುಗನಿಗೆ ಉಬ್ಬಸ. ಆಟದ ಬಯಲಿನಿಂದ ತಪ್ಪಿಸಿಕೊಳ್ಳಲು ಶಾಲೆಯಲ್ಲಿ ಪಿಟೀಲಿನ ಪಾಠಕ್ಕೆ ಸೇರಿದ. ಸ್ವಲ್ಪ ದಿನಕ್ಕೆ ಪಿಟೀಲು ಬಿಟ್ಟು ಪಿಯಾನೋ ಬೇಕೆಂದ. ಅಪ್ಪನನ್ನು ಕಾಡಿ ಬೇಡಿ ಮನೆಯ ಹಜಾರದಲ್ಲೇ ಒಂದು ಪಿಯಾನೋ ಇಡಿಸಿಕೊಂಡ.

ಪಾಲ್ಸ್‌ಗ್ರೋವ್‌ನ ಬೀದಿಗಳಲ್ಲಿ ನಡೆಯುವಾಗ ನನ್ನ ಕಣ್ಣು ಮನೆಗಳ ಬಾಗಿಲಿನ ಅಗಲವನ್ನೇ ಅಳೆಯುತ್ತಿತ್ತು. ಅಚ್ಚುಕಟ್ಟಾದ ಆದರೆ ಚಿಕ್ಕ ಮನೆಗಳು. ಇಂಥದ್ದೊಂದರ ಹಜಾರದಲ್ಲಿ ಪಿಯಾನೋ ಇಟ್ಟರೆ ಮಿಕ್ಕವರು ಅಡ್ಡಡ್ಡವಾಗಿ ನಡೆಯಬೇಕು. ಪಿಟೀಲು ಬಿಟ್ಟ ಹುಡುಗನ ಮಾತು ನಂಬಿ ಆ ಅಪ್ಪ ಜಾಗ ಬಿಟ್ಟುಕೊಟ್ಟನಲ್ಲ! ಈ ಭಾಗ ಕೇಳಿದಾಗ ನಾನು ಏನೂ ಮಾತಾಡಲಿಲ್ಲ. ಮಗನೂ ಅದನ್ನು ಒತ್ತಿ ಹೇಳಲಿಲ್ಲ.

ಮರುದಿನ ಬಂದರಿನ ಕಡೆ ಹೋದೆವು. ಟ್ರಫಾಲ್ಗರ್ ಕದನದಲ್ಲಿ ನೆಲ್ಸನ್ನನಿದ್ದ 'ವಿಕ್ಟರಿ' ಹಡಗು ಇಲ್ಲಿದೆ. ಎದುರು ದಡದ ಗಾಸ್‌ಪೋರ್ಟಿಗೆ ದೋಣಿಯಲ್ಲಿ ಕೆಲವೇ ನಿಮಿಷದ ದಾರಿ. ಜಾಕ್ಸನ್ನನ ಮನೆಯವರು ಕೆಲಕಾಲ ಅಲ್ಲಿಯೂ ಇದ್ದರು. ನಾವಿಕರ ಊರೆಂದ ಮೇಲೆ ಪಾನಗೃಹಗಳಿಗೆ ಬರವೇ? ಹದಿನಾರನೆಯ ವಯಸ್ಸಿಗೇ ಹುಡುಗ ಅಲ್ಲಿ ಪಿಯಾನೋ ನುಡಿಸಿ ಕಾಸು ಸಂಪಾದಿಸತೊಡಗಿದ. ಮೊದಲ ಸಂಭಾವನೆ ಸಿಕ್ಕಿದ ಪಾನಗೃಹ ಗೋಂದಿನ ಕಾರ್ಖಾನೆಯ ಪಕ್ಕದಲ್ಲಿತ್ತಂತೆ. ಹಿಂದೆ ಗೋಂದು ಕಾಯಿಸುತ್ತಿದ್ದುದು ಪ್ರಾಣಿಗಳ ಮೂಳೆ, ತೊಗಲುಗಳಿಂದ ಎಂಬುದನ್ನು ಬಲ್ಲ ನನಗೆ, ಆ ಉಬ್ಬಸದ ಹುಡುಗನ ಮೂಗನ್ನು ನೆನೆದು ಅಯ್ಯೋ ಎನಿಸಿತು.

ಇತ್ತ ಪಾನಗೃಹ, ಅತ್ತ ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್! ವಿದ್ಯಾರ್ಥಿವೇತನ ಗಿಟ್ಟಿಸಿ ಸಂಗೀತ ರಚನೆಯ ಶಾಸ್ತ್ರ ಓದಿದ. ಗೆಳೆಯರೊಂದಿಗೆ ಒಂದು ತಂಡ ಕಟ್ಟಿದ, ಅದು ಮುರಿಯಿತು. ಆ ದಿನಗಳಲ್ಲೇ ಜೋ 90 ಎಂಬ ಟಿ.ವಿ. ಗೊಂಬೆಯ ಹೋಲಿಕೆಯಿಂದ 'ಜೋ' ಎಂಬ ಅಡ್ಡಹೆಸರು ಅಂಟಿಕೊಂಡಿತು. ಆಮೇಲೆ ಪೋರ್ಟ್ಸ್‌ಮತ್ತಿನ ಒಂದು ಕ್ಲಬ್ಬಿನಲ್ಲಿ ದಿನಗೂಲಿಯಂತೆ ಬಂದವರ ಹಾಡಿಗೆಲ್ಲ ಪಿಯಾನೋ ನುಡಿಸಿದ. ಹಣ ಕೂಡಿಟ್ಟು ತನ್ನ ಹಾಡುಗಳ ಧ್ವನಿಮುದ್ರಣ ಮಾಡಿಸಿದ. 1979ರಲ್ಲಿ 'ಲುಕ್ ಶಾರ್ಪ್' ಎಂಬ ಧ್ವನಿಮುದ್ರಿಕೆ ಹೊರಬಂದು ರಾತ್ರಿ ಬೆಳಗಾಗುವುದರಲ್ಲಿ ಹೆಸರಾದ. ಈ 'ರಾತ್ರಿ'ಯ ಹಿಂದೆ ಎಂಟೊಂಬತ್ತು ವರ್ಷಗಳಿದ್ದವು ಅನ್ನಿ.

ಬ್ರಿಟನ್ನಿನಲ್ಲಿ ಅದು 'ನ್ಯೂ ವೇವ್' ಎಂಬ ಹೊಸ ಅಲೆಯ ಕಾಲ. ಪಂಕ್ ಹುಡುಗರು ಹಳೆಯ ರಾಕ್ ಸಂಗೀತದ ಆಡಂಬರವನ್ನೆಲ್ಲ ಒದ್ದು ಕೆಡವಿದ್ದರು. ಅವರ ರಭಸವನ್ನು ಉಳಿಸಿಕೊಂಡು, ಅದಕ್ಕೆ ಒಳ್ಳೆಯ ರಾಗವನ್ನೂ ಕೊಂಕು ಮಾತನ್ನೂ ಸೇರಿಸಿದವರು ಈ ಅಲೆಯವರು. ಗಿಟಾರ್, ಡ್ರಮ್, ಮೂರು ನಿಮಿಷದ ಚುರುಕಾದ ಹಾಡು. ಎಲ್ವಿಸ್ ಕಾಸ್ಟೆಲ್ಲೋ, ಗ್ರಹಾಂ ಪಾರ್ಕರ್ ಜೊತೆಗೆ ಜಾಕ್ಸನ್ನನನ್ನೂ ಸಿಟ್ಟಿನ ತರುಣರ ಪಟ್ಟಿಗೆ ಸೇರಿಸಿದರು.

ಪಟ್ಟಿಯಲ್ಲಿ ಕೂತಿದ್ದರೆ ಚೆನ್ನಾಗಿ ಬಾಳಬಹುದಿತ್ತು. ಆದರೆ ಎರಡೇ ವರ್ಷಕ್ಕೆ, 1981ರಲ್ಲಿ, ಆತ ಗಿಟಾರನ್ನೆಲ್ಲ ಬದಿಗಿಟ್ಟು ತುತ್ತೂರಿ ಸ್ಯಾಕ್ಸೊಫೋನ್‌ಗಳ ತಂಡ ಕಟ್ಟಿ, ಕ್ಯಾಬ್ ಕ್ಯಾಲೊವೇ, ಲೂಯಿ ಜೋರ್ಡನ್ ಮೊದಲಾದವರ ಕಾಲದ ಕುಣಿತದ ಹಾಡುಗಳನ್ನು ಹಾಡಿದ. ಅಪ್ಪಂದಿರ ಕಾಲದ ಹಾಡು!

ಅದರ ಮರುವರ್ಷದ ಮಾತು ಬಂದದ್ದು 'ಮೇರಿ ರೋಸ್' ವಸ್ತುಸಂಗ್ರಹಾಲಯದೊಳಗೆ. 1545ರಲ್ಲಿ ಎಂಟನೆಯ ಹೆನ್ರಿಯ ಕಣ್ಣೆದುರೇ ಈ ಊರಿನ ಕಡಲಲ್ಲಿ ಮುಳುಗಿದ ಹಡಗು ಅದು. 1982ರಲ್ಲಿ ಮೇಲೆತ್ತಿದರು. ನೀರು ಕುಡಿದ ಮರ ಒಣಗಿದರೆ ಮುದುಡಿ ಬಿರಿಯುತ್ತದೆ. ಅದಕ್ಕಾಗಿ ಮೊದಲು ತಣ್ಣೀರು, ಬಳಿಕ 1994ರಿಂದ 2013ರವರೆಗೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಮೇಣದಂಥ ವಸ್ತುವಿನ ದ್ರಾವಣ ಸಿಂಪಡಿಸಿದರು. ಮರದ ಕೋಶಗಳಲ್ಲಿ ನೀರಿದ್ದ ಜಾಗವನ್ನು ಅದು ಹಿಡಿಯಿತು. ಹಡಗು ಉಳಿಯಿತು. ನಾನು ಗಾಜಿನಾಚೆ ಕಣ್ಣಿಟ್ಟು ನಿಂತಿದ್ದಾಗ ಮಗ ಹೇಳಿದ: "ಇದು ಮೇಲೆದ್ದ ವರ್ಷವೇ ಜಾಕ್ಸನ್ನನ 'ನೈಟ್ ಅಂಡ್ ಡೇ' ಬಂದದ್ದು." ನ್ಯೂಯಾರ್ಕಿಗೆ ಹೋಗಿ ನೆಲೆಸಿ, ಆ ಮಹಾನಗರದ ಲ್ಯಾಟಿನ್ ತಾಳವಾದ್ಯಗಳನ್ನೂ ಜಾಝ್ ಪಿಯಾನೋವನ್ನೂ ಬೆರೆಸಿ, ಗಿಟಾರೇ ಇಲ್ಲದೆ ಮಾಡಿದ ಧ್ವನಿಮುದ್ರಿಕೆ. ಅದರ 'ಸ್ಟೆಪ್ಪಿನ್ ಔಟ್' ಹಾಡು ಅಮೆರಿಕ, ಬ್ರಿಟನ್ ಎರಡೂ ಕಡೆ ಆರನೆಯ ಸ್ಥಾನಕ್ಕೇರಿತು.

ಅಲ್ಲಿಗಾದರೂ ಕೂತನೇ? ಇಲ್ಲ. 1986ರ 'ಬಿಗ್ ವರ್ಲ್ಡ್' ಅನ್ನು ನ್ಯೂಯಾರ್ಕಿನ ರಂಗಮಂದಿರವೊಂದರಲ್ಲಿ ಸಭಿಕರನ್ನು ಕೂರಿಸಿ, ಹಾಡು ಪೂರ್ತಿ ನಿಲ್ಲುವವರೆಗೆ ಚಪ್ಪಾಳೆ ತಟ್ಟಬೇಡಿ ಎಂದು ಕೋರಿ, ನೇರವಾಗಿ ಮುದ್ರಿಸಿದ. ಆಮೇಲೆ ತಿದ್ದುವ ಮಾತೇ ಇಲ್ಲ. ಹಾಡುಗಳು ಮೂರು ಬದಿಗೆ ಸಾಕಾದವು. ಎರಡು ತಟ್ಟೆಗಳ ನಾಲ್ಕನೆಯ ಬದಿಯನ್ನು ಖಾಲಿಯಾಗಿಯೇ ಬಿಟ್ಟ. ತುಂಬಿಸಲು ಏನಾದರೂ ತುರುಕದಿದ್ದುದು ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವ ನನಗೆ ಬಹಳ ಹಿಡಿಸಿತು! 1987ರಲ್ಲಿ ಮಾತಿಲ್ಲದ ವಾದ್ಯವೃಂದದ ಸಂಗೀತ, 1988ರಲ್ಲಿ ಕೊಪ್ಪೊಲಾ ನಿರ್ದೇಶನದ 'ಟಕ್ಕರ್' ಚಿತ್ರಕ್ಕೆ ಸಂಗೀತ, 1999ರಲ್ಲಿ ಒಂದು ಸಿಂಫನಿ. ಆ ಸಿಂಫನಿಗೆ 2001ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಯಾವ ವಿಭಾಗದಲ್ಲಿ ಗೊತ್ತೇ? ಪಾಪ್ ವಾದ್ಯಸಂಗೀತ! ಯಾವ ಕಾಲಂನಲ್ಲಿ ಅಂಕ ಬರೆಯಬೇಕೆಂದು ಪರೀಕ್ಷಕರಿಗೇ ತಿಳಿಯದಿದ್ದರೆ ಹೀಗೇ ಆಗುವುದು. 2012ರಲ್ಲಿ ಡ್ಯೂಕ್ ಎಲಿಂಗ್ಟನ್‌ಗೆ ನಮನ, 2015ರಲ್ಲಿ ನಾಲ್ಕು ನಗರಗಳಲ್ಲಿ ನಾಲ್ಕು ತಂಡಗಳೊಂದಿಗೆ ಮುದ್ರಿಸಿದ 'ಫಾಸ್ಟ್ ಫಾರ್ವರ್ಡ್', 2023ರಲ್ಲಿ ನೂರು ವರ್ಷ ಹಿಂದಿನ ಲಂಡನ್ ಮ್ಯೂಸಿಕ್ ಹಾಲ್ ಶೈಲಿಯ ಹಾಡುಗಳು.

"ಇದರಿಂದ ಆತನಿಗೆ ನಷ್ಟವಾಗಲಿಲ್ಲವೇನೋ?" ಎಂದೆ. ಮೇಷ್ಟರ ಪ್ರಶ್ನೆ.

"ಆಯ್ತು ಅಪ್ಪ. 1982ರಷ್ಟು ಜನಪ್ರಿಯತೆ ಆಮೇಲೆ ಸಿಗಲೇ ಇಲ್ಲ" ಎಂದ ಮಗ, ಮುಚ್ಚಿಡದೆ.

ಸೌತ್‌ಸೀ ಕಡಲ ದಂಡೆಯಲ್ಲಿ ಮರಳಿಲ್ಲ, ಬರೀ ಉರುಟು ಕಲ್ಲು. ಅಲ್ಲಿ ಕೂತು ಮಗ ತನ್ನ ಕಿವಿಗೆ ಸಿಕ್ಕಿಸಿಕೊಳ್ಳುವುದರಲ್ಲಿ ಒಂದನ್ನು ನನ್ನ ಕಿವಿಗಿಟ್ಟ. 1979ರದ್ದು ಒಂದು, 1982ರದ್ದು ಒಂದು, 2019ರದ್ದು ಒಂದು ಹಾಡು. "ಹಾಡುವವನ ದನಿ ಬಿಡಿ. ಕೆಳಗಿನ ದಪ್ಪ ತಂತಿ ಕೇಳಿ" ಎಂದ. ಸಂಗೀತ ಬಾರದ ನನ್ನ ಕಿವಿಗೂ ಅದು ಸಿಕ್ಕಿತು. ನಡೆಯುವವನ ಹೆಜ್ಜೆಯಂತೆ ಸ್ಪಷ್ಟ. ಮೂರರಲ್ಲೂ ಬೇಸ್ ಗಿಟಾರ್ ನುಡಿಸಿದವನು ಗ್ರಹಾಂ ಮೇಬಿ ಎಂಬಾತ. ಗಾಸ್‌ಪೋರ್ಟ್ ಊರಿನವನು, ಜಾಕ್ಸನ್ನನ ಹಳೆಯ ತಂಡದ ಗೆಳೆಯ. ಮೇಲೆ ಎಲ್ಲ ಬದಲಾದರೂ ಕೆಳಗೆ ಅದೇ ಊರು, ಅದೇ ಸ್ನೇಹ.

ಜಾಕ್ಸನ್ 1999ರಲ್ಲಿ ತನ್ನ ಎಳೆಯ ದಿನಗಳ ಕುರಿತು ಒಂದು ಪುಸ್ತಕ ಬರೆದ. ಹೆಸರು 'ಎ ಕ್ಯೂರ್ ಫಾರ್ ಗ್ರಾವಿಟಿ', ಎಂದರೆ ಗುರುತ್ವಾಕರ್ಷಣೆಗೆ ಮದ್ದು. ಭೌತವಿಜ್ಞಾನ ಕಲಿಸುವವನಾಗಿ ನಾನು ಇದನ್ನು ಪ್ರತಿಭಟಿಸಬೇಕು. ಗುರುತ್ವಕ್ಕೆ ಮದ್ದಿಲ್ಲ. ಆದರೆ ಇಂಗ್ಲಿಷಿನಲ್ಲಿ ಆ ಪದಕ್ಕೆ ಗಾಂಭೀರ್ಯ ಎಂಬ ಅರ್ಥವೂ ಇದೆಯಷ್ಟೆ. ಮನೆಯಲ್ಲಿ ಮುಖ ಗಂಟಿಕ್ಕಿ ಓಡಾಡಿದ ಎರಡು ವರ್ಷ ನೆನಪಾಗಿ ಸುಮ್ಮನಾದೆ.

ಹೊರಡುವ ಹಿಂದಿನ ದಿನ ಮಗನ ಕೋಣೆಯಲ್ಲಿ ನೀರು ಕುಡಿಯುತ್ತಾ, ಈ ದ್ವೀಪಕ್ಕೆ ಸಿಹಿನೀರು ಎಲ್ಲಿಂದ ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಇಬ್ಬರೂ ಕೂತು ಹುಡುಕಿದೆವು. ಪಕ್ಕದ ಹ್ಯಾವಂಟ್, ಬೆಡ್‌ಹ್ಯಾಂಪ್ಟನ್‌ಗಳಲ್ಲಿ ಹತ್ತಾರು ಬುಗ್ಗೆಗಳಿವೆ. ಉತ್ತರದ ಸೀಮೆಸುಣ್ಣದ ಗುಡ್ಡಗಳ ಮೇಲೆ ಬಿದ್ದ ಮಳೆ ಕಲ್ಲಿನ ಸಾವಿರ ಬಿರುಕುಗಳಲ್ಲಿ ಇಳಿದು, ನೆಲದೊಳಗೇ ಹರಿದು, ಅಲ್ಲಿ ತಾನಾಗಿ ಉಕ್ಕುತ್ತದೆ. ಊರಿನ ನೀರಿನ ದೊಡ್ಡ ಪಾಲು ಅದೇ. ಒಂದೇ ಕಡೆ ನೂರು ಅಡಿ ತೋಡುವ ನನ್ನ ಲೆಕ್ಕ ಬಯಲುಸೀಮೆಯ ಗಟ್ಟಿ ಕಲ್ಲಿನದು. ಎಲ್ಲ ನೆಲವೂ ಒಂದೇ ಅಲ್ಲ ಎಂಬುದನ್ನು ಮಕ್ಕಳಿಗೆ ಪಾಠ ಹೇಳುವ ನಾನೇ ಮರೆತಿದ್ದೆ. ಇದನ್ನು ಮಗನಿಗೆ ಬಾಯಿಬಿಟ್ಟು ಹೇಳಲಿಲ್ಲ. "ಗಿಟಾರ್ ಎಲ್ಲಿಟ್ಟಿದ್ದೀಯ?" ಎಂದಷ್ಟೇ ಕೇಳಿದೆ. ಮಂಚದ ಕೆಳಗಿನಿಂದ ತೆಗೆದ.

ಮಗನಿಗೆ ಇನ್ನೂ ಕೆಲಸ ಸಿಕ್ಕಿಲ್ಲ. ಪಿ.ಎಫ್. ಸಾಲದ ಕಂತು ತಿಂಗಳು ತಿಂಗಳು ಕಡಿತವಾಗುತ್ತಿದೆ. ಚಿಂತೆ ಇಲ್ಲವೆಂದರೆ ಸುಳ್ಳಾದೀತು. ಫೋನಿನ ಮಾತು ಮಾತ್ರ ಊಟ, ಚಳಿಗಳನ್ನು ದಾಟಿ ಅರ್ಧ ಗಂಟೆಯವರೆಗೂ ಹೋಗುತ್ತದೆ.

ಶಾಲೆ ತೆರೆದ ದಿನ ಗುಡ್ಡದಲ್ಲಿ ಎತ್ತಿಕೊಂಡಿದ್ದ ಆ ಚೂರಿನಿಂದಲೇ ಎಂಟನೆಯ ತರಗತಿಯ ಹಲಗೆಯ ಮೇಲೆ ದಿನಾಂಕ ಬರೆದೆ. ಕಿರ್ರೆಂದು ಸದ್ದಾಯಿತು, ಹುಡುಗರು ಕಿವಿ ಮುಚ್ಚಿಕೊಂಡರು. ಅಕ್ಷರವೇನೋ ಬೆಳ್ಳಗೆ ಮೂಡಿತು.